ಉತ್ತರಹಳ್ಳಿಯಲ್ಲೊಂದು ಬ್ಯಾಲೆ

ಬನಶಂಕರಿಯ ಕಡೆಯಿಂದ ಹೊರಟ ಬಸ್ಸು ಚಿಕ್ಕಲ್ಲಸಂದ್ರವನ್ನು ದಾಟಿ ಉತ್ತರಹಳ್ಳಿಯನ್ನು ಮುಟ್ಟುವಾಗ, ನಗರವೆಲ್ಲಿ ಮುಗಿಯಿತು, ಹಳ್ಳಿಯೆಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಬೆಂಗಳೂರು ದಕ್ಷಿಣ ತಾಲ್ಲೂಕಿನ ಒಂದು ಹೋಬಳಿಗೆ ಹೆಸರನ್ನಿತ್ತ ಊರು ಇದು. ಇದರ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದ್ದಿತು. ಮತದಾರರು ಮಿತಿಮೀರಿ ಹೆಚ್ಚಿ, 2008ರ ಪುನರ್ವಿಂಗಡಣೆಯಲ್ಲಿ ಅದು ಹಲವು ಪಾಲಾಯಿತು. ಒಂದು ಕಡೆ ವಸಂತಪುರದ ಗುಡ್ಡದ ಮೇಲೆ ವಸಂತವಲ್ಲಭರಾಯನ ಗುಡಿ. ಅಲ್ಲಿ ಮಾಂಡವ್ಯ ಋಷಿಗಳು ತಪಸ್ಸು ಮಾಡಿದರೆಂದು ಐತಿಹ್ಯ. ಇನ್ನೊಂದು ಕಡೆ ತುರಹಳ್ಳಿಯ ಕಾಡು. ನಡುವೆ, ರಾಗಿ ಬೆಳೆಯುತ್ತಿದ್ದ ನೆಲದಲ್ಲಿ, ಸಾಲು ಸಾಲು ಮನೆಗಳು.

ಇಂಥ ಒಂದು ಬಡಾವಣೆಯಲ್ಲಿ ಗಣೇಶೋತ್ಸವದ ಚಪ್ಪರ ಎದ್ದಿತ್ತು. ಪ್ರತಿವರ್ಷವೂ ಸಿನಿಮಾ ಹಾಡುಗಳ ವಾದ್ಯಗೋಷ್ಠಿ ನಡೆಯುವುದು ವಾಡಿಕೆ. ಈ ಸಲ ಸಮಿತಿಯ ಹಿರಿಯರಾದ ನಿವೃತ್ತ ಉಪಾಧ್ಯಾಯರೊಬ್ಬರು ಹಟ ಹಿಡಿದರು: ಶಾಸ್ತ್ರೀಯ ಬ್ಯಾಲೆಯೇ ಆಗಬೇಕು. ತರುಣರು ಒಪ್ಪಿದರು, ಆದರೆ ಒಂದು ಕರಾರಿನ ಮೇಲೆ. ಜನ ನಡುವೆಯೇ ಎದ್ದು ಹೋದರೆ, ಮುಂದಿನ ವರ್ಷದಿಂದ ಮೇಷ್ಟ್ರು ಈ ಮಾತನ್ನೇ ಎತ್ತಕೂಡದು.

ಬ್ಯಾಲೆ ಎಂದೊಡನೆ ಕಾಲ್ಬೆರಳ ತುದಿಯ ಮೇಲೆ ನಿಲ್ಲುವ ರಷ್ಯದ ನರ್ತಕಿಯರು ನೆನಪಾಗಬೇಕಿಲ್ಲ. ಬೆಂಗಳೂರಿನವರಿಗೆ ಅದು ಭರತನಾಟ್ಯದ ಅಡವು, ಅಭಿನಯಗಳಿಂದ ಕಥೆ ಹೇಳುವ ನೃತ್ಯರೂಪಕ. 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದಲ್ಲಿ ಇಂಥವನ್ನು ಎರಡು ಮೂರು ತಲೆಮಾರುಗಳು ನೋಡಿವೆ. ಮಾಸ್ಕೋದಲ್ಲಿ ನೃತ್ಯಸಂಯೋಜನೆಯನ್ನು ಕಲಿತು ಬಂದ ಮಾಯಾ ರಾವ್ ಅವರು 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಈ ಊರಿಗೇ ತಂದರು. ಆದರೆ ಕಲಾಕ್ಷೇತ್ರದ ರಂಗವೇ ಬೇರೆ, ಬಡಾವಣೆಯ ಹಲಗೆಗಳೇ ಬೇರೆ.

ಆ ಸಂಜೆಯ ಕಥೆ ಮೋಹಿನಿ ಭಸ್ಮಾಸುರ. ಆರೂವರೆಗೆಂದು ಸಾರಿದ್ದು, ಹಾರ ತುರಾಯಿ, ಭಾಷಣಗಳು ಮುಗಿದು ಮೊದಲಾದಾಗ ಎಂಟು ಹೊಡೆದಿತ್ತು. ಶಿವನ ಪಾತ್ರಧಾರಿಯ ತಾಂಡವ ಸೊಗಸಾಗಿತ್ತು; ಸುತ್ತಲಿನ ಗಣಗಳದು ಮಾತ್ರ ಒಬ್ಬೊಬ್ಬರದು ಒಂದೊಂದು ತಾಳ. ಸಂಗೀತವೆಲ್ಲ ಮೊದಲೇ ಧ್ವನಿಮುದ್ರಿಸಿದ್ದು. ಕುಣಿಯುವವರು ಅದರ ಹಿಂದೆ ಓಡಬೇಕೇ ಹೊರತು ಅದು ಅವರಿಗಾಗಿ ಕಾಯುವುದಿಲ್ಲ. ಭಸ್ಮಾಸುರನಾಗಿದ್ದ ಕಾಲೇಜಿನ ಹುಡುಗಿ ಹಲಗೆಯ ಸಂದಿನಲ್ಲಿ ಒಮ್ಮೆ ಮುಗ್ಗರಿಸಿದವಳು ಮತ್ತೆ ಲಯವನ್ನು ಹಿಡಿಯಲಾರದೆ ಬೆವತಳು. ಹಿಂದಿನ ಕುರ್ಚಿಗಳು ಒಂದೊಂದಾಗಿ ಬರಿದಾದವು. ಚುರುಮುರಿಯ ಗಾಡಿಯ ಸುತ್ತ ಗುಂಪು ಬೆಳೆಯಿತು. ಮೇಷ್ಟ್ರು ಹಿಂತಿರುಗಿ ನೋಡುವುದನ್ನೇ ಬಿಟ್ಟರು.

ಮೋಹಿನಿ ಪ್ರವೇಶಿಸಿದಳು. ಕಥೆ ಎಲ್ಲರಿಗೂ ಗೊತ್ತಿದ್ದುದೇ. ತಾನು ಕುಣಿದಂತೆ ಅಸುರನೂ ಕುಣಿಯಬೇಕು. ಕೊನೆಗೆ ಅವಳು ತಲೆಯ ಮೇಲೆ ಕೈಯಿಟ್ಟಾಗ ಅವನೂ ಇಟ್ಟುಕೊಂಡು ಬೂದಿಯಾಗಬೇಕು. ಕುಣಿತ ಆರಂಭವಾಗಿ ನಿಮಿಷವಾಗಿರಲಿಲ್ಲ, ಧ್ವನಿವರ್ಧಕ ಗೊಟರುಗುಟ್ಟಿ ನಿಂತುಹೋಯಿತು. ದೀಪಗಳು ಉರಿಯುತ್ತಲೇ ಇದ್ದವು. ಯಾರೋ ಶಿಳ್ಳೆ ಹಾಕಿದರು.

ಮೋಹಿನಿ ನಿಲ್ಲಲಿಲ್ಲ. ಅವಳ ಗೆಜ್ಜೆಯೊಂದೇ ಕೇಳುತ್ತಿತ್ತು. ಪರದೆಯ ಮರೆಯಲ್ಲಿದ್ದ ವಯಸ್ಸಾದ ಗುರುಗಳು ಹೊರಬಂದು ರಂಗದ ಅಂಚಿನಲ್ಲೇ ಕುಳಿತರು. ತಟ್ಟುಮಣೆಯನ್ನು ಮುಂದಿಟ್ಟುಕೊಂಡು, ಕೋಲಿನಿಂದ ತಟ್ಟುತ್ತ ಬರಿಯ ಕಂಠದಲ್ಲಿ ಜತಿಗಳನ್ನು ಹೇಳತೊಡಗಿದರು. ಅಲ್ಲಿಯವರೆಗೆ ಇಬ್ಬರು ನರ್ತಕಿಯರಿಗೂ ಮುಂದಿನ ಹೆಜ್ಜೆ ಬಾಯಿಪಾಠವಾಗಿತ್ತು. ಈಗ ಮೋಹಿನಿ ಏನು ಮಾಡುವಳೆಂಬುದು ಹುಡುಗಿಗೆ ತಿಳಿಯದು. ಕಣ್ಣು ಕೀಲಿಸಿ ನೋಡಬೇಕು, ನೋಡಿದ್ದನ್ನು ಒಡನೆಯೇ ಕುಣಿಯಬೇಕು. ಭಸ್ಮಾಸುರನ ಪಾಡೂ ಅದೇ ಅಲ್ಲವೆ? ಹುಡುಗಿಯ ಅಂಜಿಕೆ ಎಲ್ಲಿ ಹೋಯಿತೋ! ಅವಳು ಮರುಳಾದ ಅಸುರನೇ ಆದಳು. ಗುರುಗಳು ಅವಳ ಕಾಲನ್ನು ನೋಡುತ್ತ ಕಾಲವನ್ನು ಒಮ್ಮೆ ತಗ್ಗಿಸಿದರು, ಒಮ್ಮೆ ಏರಿಸಿದರು. ಮೋಹಿನಿ ಎರಡು ಸಲ ಕೈಯನ್ನು ಹೆಗಲವರೆಗೆ ತಂದು ಇಳಿಸಿದಳು. ಚುರುಮುರಿಯ ಪೊಟ್ಟಣ ಹಿಡಿದವರು ಹತ್ತಿರ ಸರಿದು ನಿಂತರು. ಮೂರನೆಯ ಸಲ ಕೈ ತಲೆಯನ್ನು ಮುಟ್ಟಿದಾಗ ಚಪ್ಪರ ಒಂದು ಕ್ಷಣ ಉಸಿರು ಬಿಗಿಹಿಡಿದಿತ್ತು.

ಅಷ್ಟರಲ್ಲಿ ಧ್ವನಿವರ್ಧಕ ಮರಳಿ ಜೀವ ತಳೆದು, ಮುಗಿದುಹೋದ ದೃಶ್ಯದ ಹಾಡನ್ನು ಮೊದಲಿನಿಂದ ಹಾಡಿತು. ಬೂದಿಗೆಂದು ಬಿಟ್ಟ ಹೊಗೆ ಮುಂದಿನ ಸಾಲಿನ ಮಕ್ಕಳನ್ನು ಕೆಮ್ಮಿಸಿತು. ಮಂಗಳ ಹೇಗೋ ಮುಗಿಯಿತು.

ಕುರ್ಚಿಗಳನ್ನು ಜೋಡಿಸುವಾಗ, ವಾದ್ಯಗೋಷ್ಠಿಯ ಪಕ್ಷದ ತರುಣನೊಬ್ಬ ಮೇಷ್ಟ್ರ ಬಳಿ ಬಂದ. ಕರಾರನ್ನು ನೆನಪಿಸುವನೆಂದು ಅವರು ತಲೆ ತಗ್ಗಿಸಿದರು.

“ಮೇಷ್ಟ್ರೇ, ಮುಂದಿನ ವರ್ಷ ಆ ಧ್ವನಿಮುದ್ರಣ ಬೇಡ. ಅವರೇ ಕೂತು ಹೇಳಲಿ. ಖರ್ಚು ಎಷ್ಟಾದೀತು?”

ಮೇಷ್ಟ್ರು ಬೆರಳು ಮಡಿಚಿದರು: ಹಾಡುವವರು, ಮೃದಂಗ, ಕೊಳಲು, ಪಿಟೀಲು, ನಟುವಾಂಗ. ಐದು ಬೆರಳೂ ಮಡಿಚಿದವು. ಆ ಖರ್ಚಿಗೆ ಹೆದರಿಯೇ ತಂಡಗಳು ಧ್ವನಿಮುದ್ರಣವನ್ನು ನೆಚ್ಚುತ್ತವೆಂದು ಅವರು ವಿವರಿಸಿದರು. ತರುಣ ಮೊತ್ತವನ್ನು ಕೇಳಿ ತುಸು ಹೊತ್ತು ಸುಮ್ಮನಿದ್ದ. ಬಳಿಕ ಚಂದಾ ಪುಸ್ತಕವನ್ನು ತರಲು ಹೋದ.