ಅರಿವು ಅಂಜಿಕೆಗಳ ನಡುವೆ

ವಿದ್ಯೆ ಕಲಿತವರಿಗೆ ಭಯವಿಲ್ಲವೆಂದು ಲೋಕ ನಂಬಿದೆ. ಆದರೆ ಹೊಸ ರೋಗವೊಂದು ಬಾಗಿಲಿಗೆ ಬಂದು ನಿಂತಾಗ ಎಲ್ಲರಿಗಿಂತ ಮೊದಲು ಅಂಜುವವರು ಅರ್ಧ ಬಲ್ಲವರೇ. ಏನೂ ಅರಿಯದವನಿಗೆ ದೈವದ ಮೇಲೆ ಭಾರ ಹಾಕುವ ನೆಮ್ಮದಿಯುಂಟು. ಪಳಗಿದ ವೈದ್ಯನಿಗೆ ಅನುಭವದ ಆಸರೆಯುಂಟು. ಇವರಿಬ್ಬರ ನಡುವೆ ನಿಂತವನು ವೈದ್ಯಕೀಯ ವಿದ್ಯಾರ್ಥಿ. ಭಾರತದಲ್ಲಿ ಕೋವಿಡ್ ಸೋಂಕು ಮೊದಲು ದೃಢಪಟ್ಟದ್ದು 2020ರ ಜನವರಿ 30ರಂದು. ಆ ಮೊದಲ ರೋಗಿ ಚೀನಾದ ವುಹಾನ್ ನಗರದಿಂದ ಕೇರಳಕ್ಕೆ ಮರಳಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯೇ ಎಂಬುದು ನೆನೆಯತಕ್ಕ ಸಂಗತಿ.

ಅದೇ ಮಾರ್ಚ್ ತಿಂಗಳಲ್ಲಿ ಕಾಲೇಜುಗಳು ಮುಚ್ಚಿದವು. ಮೂರನೆಯ ವರ್ಷದ ವೈದ್ಯಕೀಯ ಓದುತ್ತಿದ್ದ ಹುಡುಗಿಯೊಬ್ಬಳು ಅರಸೀಕೆರೆಯ ತನ್ನ ಮನೆಗೆ ಬಂದಳು. ಹಗಲಿರುಳೂ ರೈಲುಗಳ ಸದ್ದು ಕೇಳುತ್ತಿದ್ದ ಜಂಕ್ಷನ್ ಮೌನ ತಾಳಿತ್ತು. ಬೀದಿಯವರು ಅವಳನ್ನು ಆಗಲೇ ‘ಡಾಕ್ಟರವ್ವ’ ಎಂದು ಕರೆಯತೊಡಗಿದ್ದರು.

ಜಗಲಿಯ ಮೇಲೆ ಕುಳಿತ ತಾತ ಒಂದು ಸಂಜೆ ಕೇಳಿದರು: “ಪ್ಲೇಗು ಬಂದಾಗ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದರಂತೆ. ಈಗ ನೋಡಿದರೆ ಮನೆ ಬಿಟ್ಟು ಹೊರಡಬೇಡಿ ಅನ್ನುತ್ತಾರೆ. ಯಾವುದು ಸರಿಯವ್ವಾ?”

ಪ್ರಶ್ನೆ ಸಣ್ಣದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ಬಳಿಕ ಮೈಸೂರು ಸೀಮೆಯ ಎಷ್ಟೋ ಊರುಗಳು ಹೀಗೆಯೇ ಬರಿದಾಗಿದ್ದವು. ಅವಳು ಬಿಡಿಸಿ ಹೇಳಿದಳು: “ಎರಡೂ ಸರಿ ತಾತ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುತ್ತಿತ್ತು. ಇಲಿಯಿದ್ದ ಮನೆ ಬಿಟ್ಟವರು ಬದುಕಿದರು. ಇದು ಮನುಷ್ಯನ ಉಸಿರಿನಿಂದ ಬರುತ್ತದೆ. ಗುಂಪು ಬಿಟ್ಟವರು ಬದುಕುತ್ತಾರೆ.” ತಾತ ತಲೆದೂಗಿದರು. ತನ್ನ ಓದು ಮನೆಯವರಿಗೆ ಒದಗಿತೆಂದು ಆಕೆಗೆ ಹೆಮ್ಮೆಯಾಯಿತು.

ಆ ಹೆಮ್ಮೆ ಬಹುಕಾಲ ಉಳಿಯಲಿಲ್ಲ. ಆರೋಗ್ಯವಂತರಿಗೆ ಮುಖಗವಸು ಬೇಕಿಲ್ಲವೆಂಬ ಅಂದಿನ ಸೂಚನೆಯನ್ನೇ ಅವಳು ಮಾರ್ಚಿಯಲ್ಲಿ ಬೀದಿಗೆಲ್ಲ ಹೇಳಿದ್ದಳು. ಏಪ್ರಿಲ್ ಮೊದಲ ವಾರದಲ್ಲಿ, ಮನೆಯಲ್ಲೇ ಬಟ್ಟೆಯ ಮುಖಗವಸು ಹೊಲಿದುಕೊಳ್ಳಿರೆಂದು ಸರ್ಕಾರವೇ ಹೇಳಿತು. “ಮೊನ್ನೆ ಬೇಡವೆಂದೆ, ಇಂದು ಬೇಕೆನ್ನುತ್ತೀಯಲ್ಲ!” ಎಂದು ನೆರೆಯವರು ನಕ್ಕರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಅವಳ ಪಾಲಿಗೆ ನಿಜವಾಯಿತು. ಹೊಸ ರೋಗದ ವಿಷಯದಲ್ಲಿ ಅರಿವು ದಿನದಿನಕ್ಕೆ ಬೆಳೆಯುವಂಥದು, ನಿನ್ನೆಯ ಮಾತನ್ನು ತಿದ್ದಿಕೊಳ್ಳುವುದೂ ವೈದ್ಯವಿದ್ಯೆಯ ಒಂದು ಭಾಗ ಎಂಬುದನ್ನು ಅವಳಿಗೆ ಯಾವ ಪಾಠವೂ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಅದೇ ದಿನಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮೊಬೈಲುಗಳಿಗೆ ಪ್ರಶ್ನಾವಳಿಗಳು ಬರುತ್ತಿದ್ದವು. ಅವರ ಅರಿವೆಷ್ಟು, ಮನೋಭಾವವೇನು, ನಡವಳಿಕೆ ಹೇಗೆ ಎಂದು ಅಳೆಯುವ ಪ್ರಯತ್ನವದು. ರೋಗಾಣು ಯಾವ ಕುಲದ್ದು, ಲಕ್ಷಣ ತೋರಲು ಎಷ್ಟು ದಿನ, ಕೈ ತೊಳೆಯುವ ಕ್ರಮವೇನು ಎಂಬುದಕ್ಕೆಲ್ಲ ಅವಳು ತಡವರಿಸದೆ ಉತ್ತರಿಸಿದಳು. ಕೊನೆಯ ಪ್ರಶ್ನೆ: ಕರೆದರೆ ಸೋಂಕಿತರ ಶುಶ್ರೂಷೆಗೆ ಸಿದ್ಧರಿದ್ದೀರಾ? ಬೆರಳು ಕ್ಷಣಕಾಲ ತಡೆದು ನಿಂತು, ‘ಹೌದು’ ಎಂಬುದನ್ನು ಒತ್ತಿತು. ಆ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ. ಉತ್ತರಗಳೆಲ್ಲ ಸರಿಯಾಗಿದ್ದವು, ಅವುಗಳಲ್ಲಿ ಒಂದು ಮಾತ್ರ ನಿಜವಾಗಿರಲಿಲ್ಲ.

ಮಳೆಗಾಲದಲ್ಲಿ ಹಳೇಬೀಡಿನ ಅತ್ತೆಯ ಮನೆಗೆ ಹೋಗಬೇಕಾಯಿತು. ಮಾರ್ಚ್ 17ರಿಂದ ಸಂರಕ್ಷಿತ ಸ್ಮಾರಕಗಳನ್ನು ಮುಚ್ಚಿದ್ದರಿಂದ ಬೇಲೂರು ಹಳೇಬೀಡುಗಳ ಶಿಲ್ಪಗಳನ್ನು ನೋಡುವವರಿಲ್ಲದೆ, ಗುಡಿಯ ಮುಂದೆ ಎಳನೀರು ಮಾರುವವರೂ ಶಿಲ್ಪದ ಕಥೆ ಹೇಳುವ ಗೈಡುಗಳೂ ತಿಂಗಳುಗಟ್ಟಲೆ ಕೈಕಟ್ಟಿ ಕುಳಿತಿದ್ದರು. ಬೆಂಗಳೂರಿನಿಂದ ಹಿಂದಿರುಗಿದ್ದ ನೆರೆಮನೆಯ ಯುವಕನೊಬ್ಬ ಪ್ರತ್ಯೇಕವಾಸವನ್ನು ಮುಗಿಸಿದ್ದ. ಪರೀಕ್ಷೆಯಲ್ಲಿ ಸೋಂಕಿಲ್ಲವೆಂದೂ ಬಂದಿತ್ತು. ಆದರೂ ಅಂಗಡಿಯಾತ ಅವನ ಕೈಯಿಂದ ಹಣ ಮುಟ್ಟಲೊಲ್ಲ. ಅವಳು ಮುಂದೆ ಬಂದು ಆ ನೋಟನ್ನು ತನ್ನ ಕೈಗೆ ತೆಗೆದುಕೊಂಡು ಅಂಗಡಿಯವನಿಗೆ ಕೊಟ್ಟಳು. ನೋಡಿದವರು ಸುಮ್ಮನಾದರು. ಮನೆಗೆ ಬಂದವಳು ಹಿತ್ತಲಿಗೆ ಹೋಗಿ ಒಂದಲ್ಲ, ಮೂರು ಸಲ ಸಾಬೂನು ಹಾಕಿ ಕೈ ತೊಳೆದಳು. ಮೂರನೆಯ ಸಲ ತೊಳೆಯುವಾಗ ತನಗೇ ನಾಚಿಕೆಯಾಯಿತು. ಬುದ್ಧಿ ಬಲ್ಲದ್ದನ್ನು ಕೈ ಇನ್ನೂ ನಂಬಿರಲಿಲ್ಲ.

2021ರ ಜನವರಿ 16ರಂದು ಲಸಿಕೆ ಆರಂಭವಾದಾಗ ಆರೋಗ್ಯ ಸೇವೆಯವರಿಗೇ ಮೊದಲ ಸರದಿ. ವೈದ್ಯಕೀಯ ವಿದ್ಯಾರ್ಥಿಗಳಲ್ಲಿಯೂ ಹಿಂಜರಿದವರಿದ್ದರು. ಅವಳೂ ಎರಡು ದಿನ ಹಿಂದುಮುಂದು ನೋಡಿಯೇ ತೋಳು ಚಾಚಿದಳು. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಅವಕಾಶ ದೊರೆತಾಗ ತಾತ ಕೇಳಿದರು: “ನಿನಗೇನಾಯಿತವ್ವಾ? ನಿಜ ಹೇಳು.”

“ಒಂದು ದಿನ ಜ್ವರ ಬಂತು ತಾತ, ತೋಳು ನೋಯಿತು. ಹೆದರಿಕೆಯೂ ಆಯಿತು. ಆಮೇಲೆ ಸರಿಹೋಯಿತು.”

ಏನೂ ಆಗುವುದಿಲ್ಲವೆಂದಿದ್ದರೆ ತಾತ ನಂಬುತ್ತಿರಲಿಲ್ಲವೇನೋ. ಮರುದಿನ ಬೆಳಿಗ್ಗೆ ಶುಭ್ರವಾದ ಪಂಚೆಯುಟ್ಟು ತಾವೇ ಹೊರಟು ನಿಂತರು.

ಎರಡನೆಯ ಅಲೆ ಎದ್ದಿತು. ಸೌಮ್ಯ ಲಕ್ಷಣದ ರೋಗಿಗಳ ನಿಗಾವಣೆಗೂ ದೂರವಾಣಿಯ ಸಲಹೆಗೂ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಅಂತಿಮ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳನ್ನು ಬಳಸಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಮೇ 3ರಂದು ಪ್ರಕಟಿಸಿತು. ಒಂದು ವರ್ಷದ ಹಿಂದೆ ಒತ್ತಿದ ‘ಹೌದು’ ಎಂಬ ಉತ್ತರ ಈಗ ಅವಳನ್ನೇ ಕರೆಯಿತು. ಈ ಸಲ ಅವಳು ತಡೆಯಲಿಲ್ಲ. ಅಂಜಿಕೆ ಹೋಗಿತ್ತೆಂದಲ್ಲ, ಅಂಜಿಕೆಯಿದ್ದೂ ಮಾಡಬಹುದಾದ ಕೆಲಸವಿದೆಯೆಂದು ತಿಳಿದಿತ್ತು.

ಹಳ್ಳಿಯೊಂದರಿಂದ ಬಂದ ಮೊದಲ ಕರೆಯಲ್ಲಿ ಮುದುಕಿಯ ದನಿ ನಡುಗುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಯಂತ್ರ ಎಷ್ಟು ತೋರಿಸುತ್ತಿದೆಯೆಂದು ವಿಚಾರಿಸಿದಳು. ತೊಂಬತ್ತಾರು. “ತೊಂಬತ್ತನಾಲ್ಕಕ್ಕಿಂತ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ ಅಜ್ಜಿ. ಸಂಜೆ ನಾನೇ ಮತ್ತೆ ಫೋನ್ ಮಾಡುತ್ತೇನೆ” ಎಂದಳು.

ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಅರಸೀಕೆರೆ, ಬೇಲೂರು ತಾಲ್ಲೂಕುಗಳ ಮಕ್ಕಳಿಗೆ ಈ ವಿದ್ಯೆ ಮನೆಯ ಹತ್ತಿರವೇ ದೊರೆಯುವಂತಾಗಿದೆ. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತವರಲ್ಲಿ ಕೆಲವರು ನಾಳೆ ಅಲ್ಲಿಗೆ ಹೋಗುವರು. ಅವರ ಕಾಲಕ್ಕೂ ಒಂದು ಹೊಸ ರೋಗ ಬಂದೀತು. ಪುಸ್ತಕ ಅದರ ಹೆಸರನ್ನು ಹೇಳಿಕೊಡುವುದು. ತಿಳಿಯದುದನ್ನು ತಿಳಿಯದೆಂದು, ಅಂಜಿದುದನ್ನು ಅಂಜಿದೆನೆಂದು ಹೇಳುವ ಧೈರ್ಯವನ್ನು ಮಾತ್ರ ಅವರವರೇ ಕಲಿಯಬೇಕಾಗುವುದು.

ಆ ಸಂಜೆ ಅವಳು ಮರೆಯದೆ ಫೋನ್ ಮಾಡಿದಳು. ಯಂತ್ರ ತೊಂಬತ್ತೇಳನ್ನು ತೋರಿಸುತ್ತಿತ್ತು.