ದಿನಕ್ಕೆ ಎರಡು ಬಾರಿ ದ್ವೀಪ

ಮುಂಬಯಿಯಲ್ಲಿರುವವರಿಗೆ ಹಾಜಿ ಅಲಿ ದರ್ಗಾದ ದಾರಿ ಗೊತ್ತು. ಸಮುದ್ರ ಇಳಿದಾಗ ಜನ ಅದರ ಮೇಲೆ ನಡೆದು ಹೋಗುತ್ತಾರೆ, ಉಬ್ಬರದ ಹೊತ್ತಿಗೆ ಅಲೆಗಳು ಅದನ್ನು ಮುಚ್ಚುತ್ತವೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಹತ್ತಿರ, ಇಂಥದೇ ಇನ್ನೊಂದು ದಾರಿಯಿದೆ. ಅದು ತಲುಪಿಸುವುದು ಲಿಂಡಿಸ್‌ಫಾರ್ನ್ ಎಂಬ ದ್ವೀಪಕ್ಕೆ. ಅಲ್ಲಿನ ಜನ ಅದನ್ನು ಹೋಲಿ ಐಲ್ಯಾಂಡ್ ಎನ್ನುತ್ತಾರೆ. ಹೆದ್ದಾರಿಯಿಂದ ದ್ವೀಪದ ಊರಿಗೆ ಸುಮಾರು 8 ಕಿ.ಮೀ. ಅದರ ಒಂದು ಭಾಗ ದಿನಕ್ಕೆ ಎರಡು ಬಾರಿ, ಹಲವು ಗಂಟೆಗಳ ಕಾಲ ನೀರಿನಡಿ ಇರುತ್ತದೆ.

ನಾವು ಅಲ್ಲಿಗೆ ಹೋದದ್ದು ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ, ಒಬ್ಬ ಗೈಡ್ ಜೊತೆ, ಬರ್ವಿಕ್ ಪಟ್ಟಣದಿಂದ ಹೊರಟು. ಒಂದು ದಿಕ್ಕಿಗೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು. ಗುಂಪಿನಲ್ಲಿ ಏಳು ಜನ. ಅವರಲ್ಲಿ ಎಲ್ಲರಿಗಿಂತ ಹಿರಿಯರು ಅರವತ್ತೇಳರ ನಮ್ಮ ಭಾವ. ಒಂದು ಮಂಡಿಗೆ ಆಪರೇಷನ್ ಆದವರು. ಹೆಲ್ಮೆಟ್ ಬಿಗಿಯುತ್ತಾ ಕೇಳಿದರು: "ಅಲ್ಲ ಕಣಯ್ಯಾ, ಮೋಟಾರು ಕಟ್ಟಿಕೊಂಡು ಯಾತ್ರೆಗೆ ಹೋದರೆ ಪುಣ್ಯ ಬರುತ್ತದಾ?"

ಕೇಳಿದ್ದು ತಮಾಷೆಗೆ. ಆದರೆ ಪಂಢರಪುರಕ್ಕೂ ಧರ್ಮಸ್ಥಳಕ್ಕೂ ಕಾಲ್ನಡಿಗೆಯಲ್ಲಿ ಹೋಗುವವರನ್ನು ಕಂಡ ನಮಗೆ ಅದು ಸುಮ್ಮನೆ ಬಿಡುವ ಪ್ರಶ್ನೆಯಲ್ಲ. ಇಲ್ಲಿಯೂ ನಡೆದು ಹೋಗುವ ಹಳೆಯ ದಾರಿಯಿದೆ. ಸಮುದ್ರ ಇಳಿದಾಗ ಮರಳಿನ ಮೇಲೆ ನೆಟ್ಟ ಎತ್ತರದ ಕಂಬಗಳ ಸಾಲನ್ನು ಹಿಡಿದು, ಅನೇಕರು ಬರಿಗಾಲಲ್ಲೇ, ಸುಮಾರು 5 ಕಿ.ಮೀ. ನಡೆಯುತ್ತಾರೆ. ವಾಹನಗಳ ಡಾಂಬರು ದಾರಿ ಬಂದದ್ದು 1954ರಲ್ಲಿ.

ಎಲೆಕ್ಟ್ರಿಕ್ ಸೈಕಲ್ ಎಂದರೆ ಸ್ಕೂಟರ್ ಅಲ್ಲ. ಪೆಡಲ್ ತುಳಿಯಲೇಬೇಕು, ತುಳಿದಾಗ ಮಾತ್ರ ಮೋಟಾರು ಜೊತೆ ಕೊಡುತ್ತದೆ. ಬ್ರಿಟನ್ನಿನ ಕಾನೂನಿನಂತೆ ಮೋಟಾರಿನ ಶಕ್ತಿ 250 ವ್ಯಾಟ್. ವೇಗ ಗಂಟೆಗೆ 25 ಕಿ.ಮೀ. ತಲುಪುತ್ತಲೇ ಅದು ಸಹಾಯ ನಿಲ್ಲಿಸಬೇಕು. ಅಲ್ಲಿ ದೊಡ್ಡ ಏರುಗಳಿಲ್ಲ, ಸಮುದ್ರದ ಕಡೆಯಿಂದ ಬೀಸುವ ಗಾಳಿಯೇ ಏರು. ಎದುರುಗಾಳಿ ಹಿಡಿದಾಗ ಭಾವನವರ ಸೈಕಲ್ಲು ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು, ಅವರೂ ಏದುಸಿರು ಬಿಡುತ್ತಿದ್ದರು.

ಗೈಡ್ ಇತಿಹಾಸ ಹೇಳುತ್ತಾರೆ ಎಂದುಕೊಂಡಿದ್ದೆವು. ಅವರು ಮೊದಲು ತೋರಿಸಿದ್ದು ಗಂಟೆಗಳ ಪಟ್ಟಿ. ದಾಟಲು ಸುರಕ್ಷಿತ ವೇಳೆ ಯಾವುದು ಎಂದು ನಾರ್ಥಂಬರ್ಲೆಂಡ್ ಕೌಂಟಿ ಪ್ರಕಟಿಸುವ ಪಟ್ಟಿ ಅದು. ಉಬ್ಬರ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ, ಆದ್ದರಿಂದ ನಿನ್ನೆಯ ವೇಳೆ ಇವತ್ತಿಗೆ ನಡೆಯುವುದಿಲ್ಲ. ಅಂದು ಬೆಳಿಗ್ಗೆ ಹತ್ತೂವರೆಗೆ ದಾರಿ ಮುಚ್ಚಿ ಮಧ್ಯಾಹ್ನ ಮೂರೂವರೆಗೆ ತೆರೆಯುವುದಿತ್ತು. ದಾರಿಯ ಆರಂಭದಲ್ಲೇ ನೀರಿನಲ್ಲಿ ಮುಳುಗಿದ ಕಾರಿನ ಚಿತ್ರವಿರುವ ಫಲಕವಿದೆ. ಮುಂದೆ ಸೇತುವೆಯ ಪಕ್ಕ ಎತ್ತರದ ಕಾಲುಗಳ ಮೇಲೆ ಮರದ ಬಿಳಿ ಗೂಡೊಂದಿದೆ, ಸಿಕ್ಕಿಕೊಂಡವರು ಹತ್ತಿ ಜೀವ ಉಳಿಸಿಕೊಳ್ಳಲು. ಇಷ್ಟಿದ್ದರೂ 'ಐದು ನಿಮಿಷ ತಾನೇ' ಎಂದು ಹೊರಟು ಕಾರು ಕಳೆದುಕೊಳ್ಳುವವರು ಇದ್ದೇ ಇರುತ್ತಾರೆ. ನಮ್ಮ ಗೈಡ್ ಹತ್ತು ಗಂಟೆಯೊಳಗೆ ಎಲ್ಲರನ್ನೂ ದಾಟಿಸಿದರು.

ಆಮೇಲೆ ನೀರು ಬಂತು. ಅಬ್ಬರವೇನಿಲ್ಲ. ಮರಳಿನ ಸಣ್ಣ ಕಾಲುವೆಗಳು ತುಂಬಿದವು, ಟಾರಿನ ಅಂಚು ಒದ್ದೆಯಾಯಿತು, ನೋಡನೋಡುತ್ತಿದ್ದಂತೆ ರಸ್ತೆಯೇ ಇಲ್ಲ. ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ಇತಿಹಾಸ ಗ್ರಂಥದಲ್ಲೂ ಈ ಜಾಗ ದಿನಕ್ಕೆ ಎರಡು ಬಾರಿ ದ್ವೀಪವಾಗುತ್ತದೆ ಎಂಬ ಮಾತಿದೆ.

ಇಲ್ಲಿ ಮಠ ಕಟ್ಟಿದವನು ಏಡನ್. ರಾಜ ಓಸ್ವಾಲ್ಡನ ಕರೆಯ ಮೇಲೆ ಸ್ಕಾಟ್ಲೆಂಡಿನ ಅಯೋನಾ ದ್ವೀಪದಿಂದ 635ರ ಹೊತ್ತಿಗೆ ಬಂದ. ಜನರ ನಡುವೆಯೂ ಇರಬೇಕು, ಜನರಿಂದ ದೂರವೂ ಇರಬೇಕು ಎನ್ನುವ ಸನ್ಯಾಸಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಬಾಗಿಲು ತೆರೆಯುವುದೂ ಮುಚ್ಚುವುದೂ ಸಮುದ್ರದ ಕೆಲಸ. ಮುಂದೆ ಇಲ್ಲಿ ಬಿಷಪ್ ಆದ ಕತ್‌ಬರ್ಟನಿಗೆ ಈ ಏಕಾಂತವೂ ಸಾಲದೆ, ಇನ್ನೂ ಒಳಗಿನ ಫಾರ್ನ್ ದ್ವೀಪಕ್ಕೆ ಹೋಗಿ ಇರುತ್ತಿದ್ದ. 687ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವನು ಅಭಯ ಕೊಟ್ಟಿದ್ದನೆಂಬ ಐಡರ್ ಬಾತುಗಳನ್ನು ಜನ ಇವತ್ತಿಗೂ ಅವನ ಮುದ್ದು ಹೆಸರಿನಿಂದ 'ಕಡ್ಡಿಯ ಬಾತು' ಎನ್ನುತ್ತಾರೆ.

793ರಲ್ಲಿ ವೈಕಿಂಗರು ಸಮುದ್ರದಿಂದ ಬಂದು ಮಠವನ್ನು ಸೂರೆ ಮಾಡಿದರು. ದಾಳಿಗಳು ನಿಲ್ಲಲಿಲ್ಲ. 875ರಲ್ಲಿ ಸನ್ಯಾಸಿಗಳು ದ್ವೀಪ ಬಿಟ್ಟರು, ಕತ್‌ಬರ್ಟನ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು. ಕೆಲವು ವರ್ಷ ಅಲೆದು ಚೆಸ್ಟರ್-ಲೆ-ಸ್ಟ್ರೀಟ್ ಎಂಬಲ್ಲಿ ನಿಂತರು. 995ರಲ್ಲಿ ಅವರ ಮುಂದಿನ ತಲೆಮಾರಿನವರು ಡರ್‌ಹ್ಯಾಮ್ ಸೇರಿದರು. ದ್ವೀಪದ ಸೇಂಟ್ ಮೇರಿ ಚರ್ಚಿನೊಳಗೆ ಆ ಪಯಣದ ಶಿಲ್ಪವಿದೆ. ಎಲ್ಮ್ ಮರದ ಆರು ಸನ್ಯಾಸಿಗಳು, ಹೆಗಲ ಮೇಲೆ ಪೆಟ್ಟಿಗೆ. ಭಾವ ಅದರ ಮುಂದೆ ಬಹಳ ಹೊತ್ತು ನಿಂತರು. "ಮನೆದೇವರನ್ನು ಹೊತ್ತುಕೊಂಡು ವಲಸೆ ಹೋದ ಹಾಗಿದೆ" ಎಂದರು.

ಅವರ ಜೊತೆ ಹೋದದ್ದರಲ್ಲಿ ಒಂದು ಪುಸ್ತಕವೂ ಇತ್ತು. ಬಿಷಪ್ ಈಡ್‌ಫ್ರಿತ್ ಎಂಟನೆಯ ಶತಮಾನದ ಆರಂಭದ ಹೊತ್ತಿಗೆ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದು ಅಲಂಕರಿಸಿದನೆನ್ನಲಾದ ನಾಲ್ಕು ಸುವಾರ್ತೆಗಳು. ಮೂಲ ಲ್ಯಾಟಿನ್. ಹತ್ತನೆಯ ಶತಮಾನದಲ್ಲಿ ಆಲ್‌ಡ್ರೆಡ್ ಎಂಬ ಪಾದ್ರಿ ಸಾಲುಗಳ ನಡುವೆ ಪದಪದಕ್ಕೂ ಆಗಿನ ಜನರ ಇಂಗ್ಲಿಷಿನಲ್ಲಿ ಅರ್ಥ ಬರೆದ, ನಮ್ಮ ಹಳೆಯ ಗ್ರಂಥಗಳಿಗೆ ಕನ್ನಡ ಟೀಕೆ ಬರೆದ ಹಾಗೆ. ಇಂಗ್ಲಿಷಿನಲ್ಲಿ ಉಳಿದಿರುವ ಸುವಾರ್ತೆಗಳ ಅತ್ಯಂತ ಹಳೆಯ ಅನುವಾದ ಅದು. ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದನ್ನು ಊರ ಕಡೆಗೇ ಕೊಡಿ ಎಂಬ ಬೇಡಿಕೆ ಈಶಾನ್ಯ ಭಾಗದ ಜನರದು. 2013ರಲ್ಲಿ ಡರ್‌ಹ್ಯಾಮ್‌ಗೂ 2022ರಲ್ಲಿ ನ್ಯೂಕಾಸಲ್‌ಗೂ ಪ್ರದರ್ಶನಕ್ಕೆ ಬಂದು ಹೋಗಿದೆ. ದ್ವೀಪದಲ್ಲಿ ಸಿಗುವುದು ಪ್ರತಿಕೃತಿ ಮಾತ್ರ.

ನಾವು ನೋಡುವ ಪಾಳುಮಠ ಏಡನ್ ಕಟ್ಟಿದ್ದಲ್ಲ. ಡರ್‌ಹ್ಯಾಮಿನ ಬೆನೆಡಿಕ್ಟೈನ್ ಸನ್ಯಾಸಿಗಳು ಮುಂದೆ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ್ದು, ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಿದ್ದು. ಗೋಪುರ, ಚಾವಣಿ ಎರಡೂ ಬಿದ್ದಿವೆ. ಕಲ್ಲಿನ ತೆಳು ಕಮಾನೊಂದು ಮಾತ್ರ ಕಾಮನಬಿಲ್ಲಿನಂತೆ ಆಕಾಶದಲ್ಲಿ ನಿಂತಿದೆ. ಮಠದ ಕಲ್ಲುಗಳು ಎದುರಿನ ಗುಡ್ಡದ ಕೋಟೆಗೆ ಹೋದವು.

ಆದರೆ ದ್ವೀಪ ನಮಗೆ ಸಿಕ್ಕಿದ್ದು ಇವುಗಳಿಗಿಂತ ಹೆಚ್ಚಾಗಿ ದಾರಿ ಮುಚ್ಚಿದ ಆ ಐದು ಗಂಟೆಗಳಲ್ಲಿ. ದಾಟುವ ವೇಳೆಯಲ್ಲಿ ಬಂದು ಫೋಟೋ ತೆಗೆದು ಅದೇ ವೇಳೆಯಲ್ಲಿ ಓಡಿಹೋಗುವ ಕಾರುಗಳು ಹೊರಟುಹೋಗಿದ್ದವು. ಊರಿನಲ್ಲಿ ನೂರೈವತ್ತರ ಆಸುಪಾಸು ಜನ. ದಡದಲ್ಲಿ ಹಳೆಯ ಮೀನುಗಾರಿಕೆ ದೋಣಿಗಳನ್ನು ಮಗುಚಿ ಮಾಡಿದ ಕಪ್ಪು ಗುಡಿಸಲುಗಳು. ದೂರದ ಮರಳದಿಬ್ಬದಿಂದ ಸೀಲ್‌ಗಳು ಊಳಿಡುತ್ತಿದ್ದವು, ಯಾರೋ ಹಾಡಲು ಹೊರಟು ಮರೆತಂತೆ. ಎಲ್ಲಿಗೂ ಹೋಗುವಂತಿಲ್ಲ, ಆದ್ದರಿಂದ ಯಾರಿಗೂ ಅವಸರವಿಲ್ಲ. ಮೂರೂವರೆಗೆ ನೀರು ಸರಿಯುವುದನ್ನು ಕಾಯುತ್ತಾ ಭಾವ ತಮ್ಮ ಪ್ರಶ್ನೆಗೆ ತಾವೇ ಉತ್ತರ ಹೇಳಿದರು: "ಮೋಟಾರು ಮಂಡಿಗೆ ಸಹಾಯ ಮಾಡಿತಯ್ಯಾ. ಕಾಯುವುದನ್ನಂತೂ ನಾನೇ ಮಾಡಬೇಕಾಯಿತು."

ಹೋಗುವವರಿಗೆ ಎರಡು ಮಾತು. ಬರ್ವಿಕ್ ನಿಲ್ದಾಣ ಲಂಡನ್-ಎಡಿನ್‌ಬರೊ ರೈಲು ಮಾರ್ಗದಲ್ಲೇ ಇದೆ. ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಇರಲಿ. ಪ್ರವಾಸ ಕಾದಿರಿಸುವ ಮೊದಲು, ಉಬ್ಬರದ ಹೊತ್ತಿನಲ್ಲಿ ದ್ವೀಪದ ಮೇಲೆಯೇ ಉಳಿಸುತ್ತೀರಾ ಎಂದು ಕೇಳಿ. ಉಳಿಸುವುದಿಲ್ಲ ಎಂದರೆ ಬೇರೆ ದಿನ ಆರಿಸಿಕೊಳ್ಳಿ.