ಅಲೆಯ ಮೇಲೊಂದು ಇಲೆಕ್ಟ್ರಾನು

ಊರಿನಿಂದ ನೆಂಟರು ಬಂದರೆ ಮುಂಬಯಿಯ ಕನ್ನಡಿಗರು ತೋರಿಸುವ ಸ್ಥಳಗಳು ಹೆಚ್ಚುಕಡಿಮೆ ಒಂದೇ: ಗೇಟ್‌ವೇ, ರಾಣಿಬಾಗು, ಮಹಾಲಕ್ಷ್ಮಿಯ ಗುಡಿ, ಜುಹೂ ಕಡಲತಡಿ. ಕೊಲಾಬದ ಕೊನೆಗೆ ಕರೆದೊಯ್ಯುವವರು ವಿರಳ. ಚರ್ಚ್‌ಗೇಟಿನಲ್ಲಿಳಿದು ಬಸ್ಸು ಹಿಡಿದು, ಪೇಟೆಯ ಗದ್ದಲವನ್ನು ಹಿಂದೆ ಬಿಟ್ಟು ನೇವಿನಗರದತ್ತ ಸಾಗಿದರೆ, ನೆಲ ಮುಗಿದು ಕಡಲು ಮೊದಲಾಗುವಲ್ಲಿ ಒಂದು ವಿದ್ಯಾಮಂದಿರವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೆಂದು ಅದರ ಹೆಸರು.

ಕನ್ನಡಿಗರಿಗೆ ಇದು ಪರಸ್ಥಳವಲ್ಲ. ಹೋಮಿ ಭಾಭಾ ಅವರು 1945ರಲ್ಲಿ ಇದನ್ನು ಆರಂಭಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಗೆ ಬಂತು. ನಮ್ಮಲ್ಲನೇಕರ ಹಿರಿಯರಂತೆ ಅದಕ್ಕೂ ಬಂದೊಡನೆ ಸ್ವಂತ ಮನೆ ದೊರೆಯಲಿಲ್ಲ. ಪೆಡ್ಡರ್ ರಸ್ತೆಯ ಬಂಗಲೆಯಲ್ಲಿ ಕೆಲಕಾಲ, ಗೇಟ್‌ವೇ ಬಳಿಯ ಹಳೆಯ ಯಾಟ್ ಕ್ಲಬ್ ಕಟ್ಟಡದಲ್ಲಿ ಕೆಲಕಾಲ ಕಳೆದ ಮೇಲೆ, 1962ರ ಜನವರಿಯಲ್ಲಿ ಈಗಿನ ಕಟ್ಟಡ ನೆಹರೂ ಅವರಿಂದ ಉದ್ಘಾಟನೆಗೊಂಡಿತು. ತುಮಕೂರು ಸೀಮೆಯ ರಾಜಾ ರಾಮಣ್ಣನವರು 1949ರಲ್ಲಿ ಇಲ್ಲಿಗೆ ಸೇರಿದರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳ ಬೆನ್ನು ಹತ್ತಿದ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು 1975ರಿಂದ 1987ರವರೆಗೆ ನಿರ್ದೇಶಕರಾಗಿದ್ದರು.

ಒಳಗೆ ಹೋಗಲು ಅನುಮತಿ ಬೇಕು. ಸಾರ್ವಜನಿಕ ಉಪನ್ಯಾಸವೊಂದಕ್ಕೆ ಬಾಗಿಲು ತೆರೆದಾಗ ನಾನು, ನನ್ನ ಮನೆಯವಳು, ಬಿ.ಎಸ್‌ಸಿ. ಓದುತ್ತಿರುವ ಅಕ್ಕನ ಮಗ ಮೂವರೂ ಹೋಗಿದ್ದೆವು. ಹುಡುಗ ಡೊಂಬಿವಲಿಯಲ್ಲಿ ಬೆಳೆದವನು. ಕನ್ನಡ ಅವನಿಗೆ ಮನೆಯೊಳಗಿನ ಭಾಷೆ. ಹಜಾರದಲ್ಲಿ ಹುಸೇನರ ದೊಡ್ಡ ಭಿತ್ತಿಚಿತ್ರವನ್ನು ನೋಡಿ ಕಡಲ ಬದಿಗೆ ಬಂದೆವು. ಬಂಡೆಗಳಾಚೆ ತೆಂಗಿನ ಚಿಪ್ಪೊಂದು ಅಲೆಗಳ ಮೇಲೆ ಏಳುತ್ತ ಬೀಳುತ್ತ ಇದ್ದಲ್ಲೇ ಇತ್ತು.

"ಈ ಅಲೆ ಚಿಪ್ಪನ್ನು ಆಡಿಸುತ್ತದೆ, ಒಯ್ಯುವುದಿಲ್ಲ. ಒಂದೇ ಒಂದು ಇಲೆಕ್ಟ್ರಾನನ್ನು ಹೊತ್ತೊಯ್ಯುವ ಅಲೆಯೂ ಇದೆ, ಮಾವ. ಆದರೆ ಕನ್ನಡದಲ್ಲಿ ಹೇಳುವಂಥದ್ದಲ್ಲ" ಎಂದ.

"ನಿನ್ನ ಅತ್ತೆಗೆ ತಿಳಿಯುವಂತೆ ಹೇಳು, ಸಾಕು" ಎಂದೆ. ಅವನು ಇಂಗ್ಲಿಷು ಬೆರೆಸಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಕೊಡುತ್ತೇನೆ.

ಗ್ಯಾಲಿಯಮ್ ಆರ್ಸೆನೈಡ್ ಎಂಬುದೊಂದು ಅರೆವಾಹಕ ಹರಳು. ಅದನ್ನು ಅದುಮಿದರೆ ವಿದ್ಯುತ್ತು ತೋರುತ್ತದೆ. ವಿದ್ಯುತ್ತು ಕೊಟ್ಟರೆ ಹರಳು ಕದಲುತ್ತದೆ. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ಹೊಗಿಸಿದಂತೆ ಅದರ ಮೇಲೆ ಲೋಹದ ಸೂಕ್ಷ್ಮ ಗೆರೆಗಳನ್ನಿಟ್ಟು, ಸೆಕೆಂಡಿಗೆ ಸುಮಾರು 280 ಕೋಟಿ ಸಲ ವಿದ್ಯುತ್ತಿನಿಂದ ಮಿಡಿಸಿದರೆ, ಹರಳಿನ ಮೈಮೇಲೆ ಶಬ್ದದ ಅಲೆಯೇಳುತ್ತದೆ. ಇಂಥ ಅಲೆಯ ಲೆಕ್ಕವನ್ನು ಲಾರ್ಡ್ ರೇಲೀ 1885ರಲ್ಲೇ ಮಾಡಿಟ್ಟಿದ್ದರು. ಭೂಕಂಪದಲ್ಲಿ ನೆಲದ ಮೇಲ್ಮೈಯಲ್ಲಿ ಹರಿಯುವುದೂ ಇದೇ ಜಾತಿಯದು. ವೇಗ ಸೆಕೆಂಡಿಗೆ ಸುಮಾರು 2.8 ಕಿಲೋಮೀಟರು. ಈ ವೇಗದಲ್ಲಿ ಹೊರಟರೆ ಚರ್ಚ್‌ಗೇಟಿನಿಂದ ವಿರಾರಿನವರೆಗಿನ 60 ಕಿಲೋಮೀಟರಿಗೆ 22 ಸೆಕೆಂಡು ಸಾಕು!

ಅಲೆಯ ಜೊತೆಗೇ ವಿದ್ಯುತ್ತಿನ ಏರುತಗ್ಗುಗಳೂ ಸಾಗುತ್ತವೆ. ತಗ್ಗಿಗೆ ಬಿದ್ದ ಇಲೆಕ್ಟ್ರಾನು ಅಲ್ಲೇ ಸೆರೆಯಾಗಿ ಅಲೆಯೊಡನೆ ಹೊರಡುತ್ತದೆ. ಸಂಜೆ ಆರರ ಹೊತ್ತಿಗೆ ದಾದರಿನಲ್ಲಿ ನಾವು ಗಾಡಿ ಹತ್ತುತ್ತೇವೆಯೆ? ಜನರ ಅಲೆ ನಮ್ಮನ್ನು ಹತ್ತಿಸುತ್ತದೆ. ವ್ಯತ್ಯಾಸವಿಷ್ಟೆ, ಅಲ್ಲಿ ಒಂದು ಡಬ್ಬಿಗೆ ಒಬ್ಬನೇ ಪ್ರಯಾಣಿಕ.

ಈ ಪ್ರಯೋಗಗಳು ನಡೆದದ್ದು ಕೊಲಾಬದಲ್ಲಲ್ಲ. ಅಲೆಯೊಂದಕ್ಕೆ ಒಂದರಂತೆ ಇಲೆಕ್ಟ್ರಾನುಗಳನ್ನು ಸಾಗಿಸುವ ಕೆಲಸ 1996ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಕೈಗೂಡಿತು. 2011ರಲ್ಲಿ ಕೇಂಬ್ರಿಜಿನ ತಂಡವೂ ಫ್ರಾನ್ಸಿನ ಗ್ರೆನೋಬ್ಲಿನ ತಂಡವೂ ಒಂದೇ ಇಲೆಕ್ಟ್ರಾನನ್ನು ಒಂದು ಗೂಡಿನಿಂದೆತ್ತಿ ದೂರದ ಇನ್ನೊಂದು ಗೂಡಿಗೆ ಸೇರಿಸಿದವು. ದೂರವೆಂದರೆ ಕೇಂಬ್ರಿಜಿನಲ್ಲಿ 4 ಮೈಕ್ರಾನು. ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಆದರೆ ಆ ಇಲೆಕ್ಟ್ರಾನು 60ಕ್ಕೂ ಹೆಚ್ಚು ಸಲ ಹೋಗಿ ಬಂದು ಮಾಡಿತು. ಕಚೇರಿಗೂ ಮನೆಗೂ ಓಡಾಡುವ ನಮ್ಮಂಥವರಿಗೆ ಅದರ ಮೇಲೆ ಕನಿಕರ ಹುಟ್ಟದಿರದು.

"ಇಷ್ಟೆಲ್ಲ ಪಾಡುಪಟ್ಟು ಕೂದಲೆಳೆಯಷ್ಟೂ ದೂರ ಹೋಗದಿದ್ದರೆ ಏನು ಬಂತು?" ಎಂದಳು ನನ್ನವಳು. ಹುಡುಗ ಉತ್ಸಾಹದಿಂದ ವಿವರಿಸಿದ. ಇಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ. ಅದರಲ್ಲಿ ಒಂದು ಸುದ್ದಿಯನ್ನು ಇರಿಸಬಹುದು. ಮುಂದೆ ಬರಲಿರುವ ಕ್ವಾಂಟಮ್ ಗಣಕಗಳಲ್ಲಿ ಒಂದು ಮೂಲೆಯ ಸುದ್ದಿ ಇನ್ನೊಂದು ಮೂಲೆಗೆ ಕೆಡದೆ ಮುಟ್ಟಬೇಕು. 2021ರಲ್ಲಿ ಗ್ರೆನೋಬ್ಲಿನವರು ಎರಡು ಇಲೆಕ್ಟ್ರಾನುಗಳನ್ನು ಬೇರೆ ಬೇರೆ ತಗ್ಗುಗಳಲ್ಲಿ ಕಳುಹಿಸಿ, ಅವುಗಳ ಸ್ಪಿನ್ನುಗಳ ನಡುವಣ ನಂಟು ಪ್ರಯಾಣದಲ್ಲಿ ಅಳಿಯದೆ ಉಳಿಯಬಲ್ಲದೆಂದು ತೋರಿಸಿದರು.

"ಹಾಗಾದರೆ ತಲುಪಿದರೆ ಸಾಲದು, ಹೊತ್ತು ತಂದದ್ದು ಹಾಗೇ ಇರಬೇಕು, ಅಲ್ಲವೇನೋ?" ಎಂದಳು.

"ಅಷ್ಟೇ ಅತ್ತೆ, ಪೂರಾ ವಿಷಯ ಅಷ್ಟೇ" ಎಂದ ಹುಡುಗ. ಆಮೇಲೆ ತಾನಾಗಿಯೇ, "ಅರೆವಾಹಕ ಅನ್ನೋದನ್ನು ಕನ್ನಡದಲ್ಲಿ ಹೇಗೆ ಬರೆಯೋದು?" ಎಂದು ಕೇಳಿದ. ಉಪನ್ಯಾಸದ ಕರಪತ್ರದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವನು ಅದರ ಕೆಳಗೆ ಎರಡು ಸಲ ತಿದ್ದಿದ.

ಹೋಗಬಯಸುವ ವಾಚಕರು ಸಾರ್ವಜನಿಕ ಕಾರ್ಯಕ್ರಮದ ದಿನವನ್ನು ಮೊದಲೇ ವಿಚಾರಿಸಿಕೊಂಡು, ಗುರುತಿನ ಚೀಟಿಯೊಡನೆ ಹೋಗುವುದು ಮೇಲು. ಮನೆಯ ಮಕ್ಕಳನ್ನು ಕರೆದೊಯ್ಯಲು ಮರೆಯಬಾರದು.